ಹುಣಸೆಹಣ್ಣು ಹಾಕಿ ತಿಕ್ಕಿದ ಪರಂಪರೆ

ನೂರು ವರ್ಷದ ಕೊಳೆಯನ್ನು ನಾನು ಒಂದು ಭಾನುವಾರ ಬೆಳಿಗ್ಗೆ, ಎರಡನೇ ಕಾಫಿ ಆರುವುದರೊಳಗೆ ತೊಳೆದು ಮುಗಿಸಿದೆ. ಈಗ ಎರಡು ದೇಶಗಳಲ್ಲಿ ನನ್ನ ಹೆಸರು ಕೆಟ್ಟಿದೆ.

ಮೂರನೇ ದೇಶದಲ್ಲಿ, ಅಂದರೆ ಗದಗದಲ್ಲಿ, ಅವ್ವ ಮಾತ್ರ ಶಾಬಾಸ್ ಅಂದಿದ್ದಾಳೆ.

ವಾರವಾರ ಈ ಅಂಕಣ ಓದುವ ನಿಮಗೆ ನನ್ನ ಪರಾಕ್ರಮಗಳು ಹೊಸದಲ್ಲ. ಡಚ್ಚರ ಈ ಡೆಲ್ಫ್ಟ್‌ಗೆ ಬಂದ ಹೊಸದರಲ್ಲಿ ಸ್ಟೇಷನ್ ಎದುರು ಯಾರದೋ ಸೈಕಲ್ಲಿನ ಬೀಗ ತೆಗೆಯಲು ಅರ್ಧ ಗಂಟೆ ಹೆಣಗಾಡಿದ್ದೆ. (ನನ್ನ ಸೈಕಲ್ ಪಕ್ಕದಲ್ಲೇ ನಿಂತಿತ್ತು.) ಅವೆಲ್ಲ ನಕ್ಕು ಮರೆಯುವಂಥವು. ಇದು ಹಾಗಲ್ಲ. ಇದರಲ್ಲಿ ಒಂದು ಮನೆಯ ಹಣೆಬರಹ ಸಿಕ್ಕಿಹಾಕಿಕೊಂಡಿದೆ. ಮೂರು ವಾರದಿಂದ ನನ್ನ ತಲೆ ಕಲಸುಮೇಲೋಗರ. ತಪ್ಪು ಮಾಡಿದ್ದು ನಾನೇ, ಅದರಲ್ಲಿ ಡೌಟಿಲ್ಲ. ಆದರೆ ಯಾರಿಗೆ ತಪ್ಪು ಮಾಡಿದೆ? ಅದೇ ತಿಳಿಯುತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ. ನೀವಾದರೂ ಹೇಳಿ.

ಹೂಫ್‌ಡಾರ್ಪ್‌ನ ಆಫೀಸಿನಲ್ಲಿ ನನ್ನ ಪಕ್ಕದ ಡೆಸ್ಕ್ ನೋರಾಳದು. ಐರ್ಲೆಂಡಿನವಳು. ಆರು ವರ್ಷದಿಂದ ಒಟ್ಟಿಗೆ ಕೆಲಸ, ಒಂದೇ ಕಾಫಿ ಮಷಿನ್, ಒಬ್ಬನೇ ಮ್ಯಾನೇಜರ್ ಮೇಲೆ ಸಿಟ್ಟು. ಗೆಳೆತನಕ್ಕೆ ಇನ್ನೇನು ಬೇಕು?

ಐರ್ಲೆಂಡಿನ ಹಳ್ಳಿಗಾಡಿನಲ್ಲಿ ನೋರಾಳ ಸೋದರತ್ತೆ ಐಲೀನ್ ಅವರದೊಂದು ಮನೆಯಿದೆ. ನೋರಾ ಮೊದಲ ಸಲ ಫೋಟೊ ತೋರಿಸಿದಾಗ ನಾನು "ಯಾವ ಕಾಲೇಜ್ ಇದು?" ಅಂತ ಕೇಳಿದ್ದೆ. ಎದುರಿಗೆ ಕಲ್ಲಿನ ಕಂಬಗಳು, ಎಣಿಸಲು ಬೇಸರವಾಗುವಷ್ಟು ಕಿಟಕಿಗಳು. ಐಲೀನ್ ಪಶುವೈದ್ಯೆ. ಎಪ್ಪತ್ತು ದಾಟಿದ್ದರೂ ಈಗಲೂ ಗಮ್‌ಬೂಟ್ ಹಾಕಿಕೊಂಡು ಹಸುಗಳಿಗೆ ಇಂಜೆಕ್ಷನ್ ಕೊಡಲು ಹೋಗುತ್ತಾರಂತೆ. ಕೆಳಗಿನ ನಾಲ್ಕು ಕೋಣೆಗಳಲ್ಲಿ ಬಾಡಿಗೆಯವರು, ಹಿಂದಿನ ಲಾಯದಲ್ಲಿ ಊರಿನ ಮಕ್ಕಳಿಗೆ ಕುದುರೆ ಸವಾರಿ ಕ್ಲಾಸು. ಗಲಗಲ ಅನ್ನುವ ಮನೆ. ಚಾವಣಿ ಮಾತ್ರ ಸೋರುತ್ತದೆ.

ಅಲ್ಲಿ ಇಂಥ ಮನೆಗಳನ್ನು 'ಬಿಗ್ ಹೌಸ್' ಅನ್ನುತ್ತಾರೆ. ಇಂಗ್ಲಿಷರ ಆಳ್ವಿಕೆಯ ಜಮೀನ್ದಾರರು ಕಟ್ಟಿಸಿದವು. ಸುತ್ತಲಿನ ಊರುಗಳೆಲ್ಲ ಆ ಮನೆಗೆ ಗೇಣಿ ಕೊಡಬೇಕು, ಆ ಮನೆಯ ಮುಂದೆ ಟೋಪಿ ತೆಗೆಯಬೇಕಿತ್ತು. ಸ್ವಾತಂತ್ರ್ಯದ ಗಲಾಟೆಯ ದಿನಗಳಲ್ಲಿ ಎಷ್ಟೋ ಮನೆಗಳಿಗೆ ಬೆಂಕಿ ಬಿತ್ತು. ಉಳಿದವುಗಳಲ್ಲಿ ಕೆಲವು ಹೋಟೆಲಾದವು, ಕೆಲವು ತಾವಾಗಿಯೇ ಕುಸಿದವು. ಇನ್ನು ಕೆಲವನ್ನು ಐಲೀನ್ ಥರದವರು ಹೇಗೋ ಎತ್ತಿ ಹಿಡಿದಿದ್ದಾರೆ, ಬಕೆಟ್ಟು ಇಟ್ಟು, ತಗಡು ಹೊದಿಸಿ.

ಈಗ ಒಂದು ದಾರಿ ಕಂಡಿದೆ. ಮನೆ ಪಾರಂಪರಿಕ ಮಹತ್ವದ್ದು ಅಂತ ಸರ್ಕಾರ ಒಪ್ಪಿ ಪಟ್ಟಿಗೆ ಸೇರಿಸಿಕೊಂಡರೆ ಚಾವಣಿಗೆ ನೆರವು ಸಿಗುತ್ತದೆ. ಬದಲಿಗೆ ವರ್ಷದಲ್ಲಿ ಕೆಲವು ದಿನ ಸಾರ್ವಜನಿಕರಿಗೆ ಬಾಗಿಲು ತೆರೆಯಬೇಕು. ಅದಕ್ಕೊಬ್ಬ ಇನ್‌ಸ್ಪೆಕ್ಟರ್ ಬರುತ್ತಾನೆ. ಈ ಮನೆಯಲ್ಲಿ ಬೇರೆಲ್ಲೂ ಇಲ್ಲದ್ದು ಏನಿದೆ ಅಂತ ಕೇಳುತ್ತಾನೆ.

"ಒಪ್ಪದಿದ್ರೆ?" ಅಂದೆ.

"ಮಾರ್ಬೇಕು," ಅಂದಳು ನೋರಾ. "ತಗೊಳೋನು ರೆಡಿ ಇದಾನೆ. ಅವನಿಗೆ ಮನೆ ಬೇಡ. ಮನೆ ನಿಂತಿರೋ ಜಾಗ ಬೇಕು."

ಬೇರೆಲ್ಲೂ ಇಲ್ಲದ್ದು ಏನಿದೆ? ಮೆಟ್ಟಿಲು ಚೆಂದ ಇದೆ, ಆದರೆ ಅಂಥ ಮೆಟ್ಟಿಲು ಪಕ್ಕದ ಜಿಲ್ಲೆಯಲ್ಲೂ ಇದೆ. ಗಾರೆಯ ಹೂಬಳ್ಳಿಗಳಿವೆ, ಅರ್ಧ ಉದುರಿವೆ. ಕೊನೆಗೆ ಉಳಿದದ್ದು ನೆಲಮಾಳಿಗೆಯ ಗಂಟೆಗಳು.

ಒಂದು ಶುಕ್ರವಾರ ನೋರಾ ನನ್ನ ಡೆಸ್ಕಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟಳು. ಒಳಗೆ ಪೇಪರ್ ಸುತ್ತಿದ ಆರು ಹಿತ್ತಾಳೆ ಗಂಟೆ. ಒಂದೊಂದರ ತಲೆಗೂ ಸುರುಳಿ ಕಬ್ಬಿಣದ ಪಟ್ಟಿ. ಮೇಲಿನ ಕೋಣೆಗಳಲ್ಲಿ ಹಗ್ಗ ಎಳೆದರೆ ತಂತಿಯ ಮೂಲಕ ನೆಲಮಾಳಿಗೆಯಲ್ಲಿ ಆ ಕೋಣೆಯ ಗಂಟೆ ಹೊಡೆದುಕೊಳ್ಳುತ್ತದೆ. ಸುರುಳಿ ಇರುವುದರಿಂದ ಸದ್ದು ನಿಂತ ಮೇಲೂ ಗಂಟೆ ತುಸು ಹೊತ್ತು ಅಲ್ಲಾಡುತ್ತಿರುತ್ತದೆ. ಯಾವ ಕೋಣೆಯವರು ಕರೆದರು ಅಂತ ಕೆಲಸದವರಿಗೆ ಗೊತ್ತಾಗಬೇಕಲ್ಲ?

"ಇವು ನಮ್ಮ ಮುತ್ತಜ್ಜಿಯ ಗಂಟೆಗಳು," ಅಂದಳು.

ನನ್ನ ಕಣ್ಣಿಗೆ ಮುತ್ತಜ್ಜಿ ಬಂದರು. ಲೇಸಿನ ಟೋಪಿ, ಸೋಫಾ, ಒಂದು ಕೈಯಲ್ಲಿ ಬೀಸಣಿಗೆ, ಇನ್ನೊಂದು ಕೈಯಲ್ಲಿ ಹಗ್ಗ.

ಡೆಲ್ಫ್ಟ್‌ನ ಕಾಲುವೆ ಪಕ್ಕದಲ್ಲಿ ಮರೈಕೆ ಅಂತ ಒಬ್ಬರ ವರ್ಕ್‌ಶಾಪ್ ಇದೆ. ಹಳೆಯ ಲೋಹದ ವಸ್ತುಗಳ ತಜ್ಞೆ, ನೋರಾಳ ಈಜುಕೊಳದ ಗೆಳತಿ. ಅವರು ಗಂಟೆಗಳನ್ನು ನೋಡಿ ಒಂದು ವರದಿ ಬರೆದುಕೊಡಲು ಒಪ್ಪಿದ್ದರು. ಅಪಾಯಿಂಟ್‌ಮೆಂಟ್ ಸೋಮವಾರ ಬೆಳಿಗ್ಗೆ. ಅವತ್ತೇ ನೋರಾಳಿಗೆ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸು. ನನಗೆ ಸೋಮವಾರ ವರ್ಕ್ ಫ್ರಮ್ ಹೋಮ್, ಮನೆಯೂ ಡೆಲ್ಫ್ಟ್‌ನಲ್ಲೇ.

"ಜೋಪಾನ. ಬೀಳಿಸ್ಬೇಡ," ಅಂದಳು.

"ಗಂಟೆ ನಮಗೆ ಹೊಸದಾ? ಬಿಡು," ಅಂದೆ.

ಗಮನಿಸಿ, ತೊಳೆಯಬೇಡ ಅನ್ನಲಿಲ್ಲ. ಅನ್ನುವುದಾದರೂ ಯಾಕೆ? ಒಬ್ಬರ ಪಾರ್ಸೆಲ್ಲನ್ನು ಎರಡು ದಿನ ಇಟ್ಟುಕೊಳ್ಳಲು ಕೊಡುವಾಗ 'ಬಿಚ್ಚಿ ತೊಳೀಬೇಡ' ಅಂತ ಜಗತ್ತಿನಲ್ಲಿ ಯಾರಾದರೂ ಹೇಳುತ್ತಾರಾ?

ವಾಪಸ್ ಬರುವಾಗ ಗಡಿಬಿಡಿಯಲ್ಲಿ ಟ್ರೇನಿನ ಸೈಲೆಂಟ್ ಬೋಗಿ ಹತ್ತಿಬಿಟ್ಟೆ. ಇಲ್ಲಿನ ಟ್ರೇನುಗಳಲ್ಲಿ ಅಂಥದೊಂದಿರುತ್ತದೆ, ಅಲ್ಲಿ ಫೋನು ಮಾತಿರಲಿ, ಚಿಪ್ಸ್ ತಿಂದರೂ ಜನ ತಿರುಗಿ ನೋಡುತ್ತಾರೆ. ಟ್ರೇನು ಜಗ್ಗಿದಾಗಲೆಲ್ಲ ನನ್ನ ತೊಡೆಯ ಮೇಲಿನ ಪೆಟ್ಟಿಗೆ ಟಿಂಗ್. ತಿರುವು ಬಂದರೆ ಟಿಂಗ್ ಟಿಂಗ್. ಲೈಡನ್ ದಾಟುವಷ್ಟರಲ್ಲಿ ಎದುರು ಕೂತಿದ್ದ ಅಜ್ಜ ಪುಸ್ತಕ ಮುಚ್ಚಿ ನನ್ನನ್ನೇ ನೋಡುತ್ತಿದ್ದರು. ದನ ಹೊಡೆದುಕೊಂಡು ಹೊರಟವನ ಹಾಗೆ ಕಂಡಿರಬೇಕು ನಾನು.

ಆಗಲೇ ಒಂದು ವಿಷಯ ಗೊತ್ತಾಯಿತು. ಐದು ಗಂಟೆಗಳು ಟಿಂಗ್ ಅನ್ನುತ್ತಿದ್ದವು. ಒಂದು ಮಾತ್ರ ಥಡ್ ಅನ್ನುತ್ತಿತ್ತು, ಮೂಗು ಕಟ್ಟಿದವರ ಹಾಗೆ.

ಅಯ್ಯೋ ಪಾಪ ಅನಿಸಿತು. ಎಲ್ಲ ಶುರುವಾಗಿದ್ದು ಆ ಅಯ್ಯೋ ಪಾಪದಿಂದ.

ಆ ಭಾನುವಾರ ದಸರೆಗೆ ಮುಂಚಿನ ಭಾನುವಾರ. ನಮ್ಮ ಮನೆಯಲ್ಲಿ ಹಬ್ಬಕ್ಕೆ ಹಿತ್ತಾಳೆ ತಿಕ್ಕುವ ಕೆಲಸ ನನ್ನದು. ಗದಗದಲ್ಲಿದ್ದಾಗಲೂ ನನ್ನದೇ. ಅಕ್ಕಂದಿರು ಮನೆ ಬಳಿಯುತ್ತಿದ್ದರು, ನಾನು ಹಿತ್ತಲಲ್ಲಿ ಕೂತು ದೀಪದ ಸಮೆ, ತಂಬಿಗೆ, ಗಂಟೆ, ಆರತಿ ತಟ್ಟೆ ಎಲ್ಲ ತಿಕ್ಕುತ್ತಿದ್ದೆ. ಹುಣಸೆಹಣ್ಣು, ಉಪ್ಪು, ತೆಂಗಿನ ನಾರು. ನಾನು ಜೀವನದಲ್ಲಿ ಸರಿಯಾಗಿ ಕಲಿತ ವಿದ್ಯೆ ಅದೊಂದೇ ಅಂತ ನನ್ನ ಹೆಂಡತಿ ಶುಭಾಳ ಅಭಿಪ್ರಾಯ. ಹೇಗ್‌ನ ಇಂಡಿಯನ್ ಅಂಗಡಿಯಿಂದ ಹುಣಸೆಹಣ್ಣು ತಂದಾಗಿತ್ತು, ಅರ್ಧ ಪಾಕೀಟು ನೆನೆಸಿಯೂ ಆಗಿತ್ತು. ನಮ್ಮವು ಎರಡು ದೀಪ, ಒಂದು ಪುಟ್ಟ ಗಂಟೆ, ಅಷ್ಟೇ. ಐದು ನಿಮಿಷದಲ್ಲಿ ಮುಗಿಯಿತು. ಬಟ್ಟಲಲ್ಲಿ ಇನ್ನೂ ಮುಕ್ಕಾಲು ಹುಳಿ ಉಳಿದಿತ್ತು.

ಮೂಲೆಯಲ್ಲಿ ಪೆಟ್ಟಿಗೆ ಕೂತಿತ್ತು.

ಕಪ್ಪಗಾಗಿ, ಹಸಿರು ಕಿಲುಬು ಹಿಡಿದು, ಆರು ಗಂಟೆಗಳು ನಾಳೆ ತಜ್ಞೆಯ ಮುಂದೆ ಹೋಗಬೇಕು. ಇನ್‌ಸ್ಪೆಕ್ಷನ್ ವಿಷಯ. ನೀವೇ ಹೇಳಿ, ನಮ್ಮಲ್ಲಿ ಇನ್‌ಸ್ಪೆಕ್ಷನ್ ಅಂದರೆ ಏನು? ಸ್ಕೂಲಿಗೆ ಸಾಹೇಬರು ಬರುತ್ತಾರೆ ಅಂದರೆ ಸುಣ್ಣ. ಊರಿಗೆ ಮಂತ್ರಿ ಬರುತ್ತಾರೆ ಅಂದರೆ ಡಾಂಬರು. ಸಾವಿರ ವರ್ಷದ ಕಲ್ಲಿನ ಕಂಬಕ್ಕೂ ಪ್ರೀತಿಯಿಂದ ಆಯಿಲ್ ಪೇಂಟ್ ಹೊಡೆಯುವ ಜನ ನಾವು. ಕೊಳಕಾಗಿರುವುದನ್ನು ಕೊಳಕಾಗಿಯೇ ಒಯ್ದು ದೊಡ್ಡವರ ಮುಂದೆ ಇಡುವುದುಂಟೇ?

"ರೀ, ಅವ್ರನ್ನ ಒಂದ್ ಮಾತು ಕೇಳಿ," ಅಂದಳು ಶುಭಾ. ಅವಳು ಮೈಸೂರಿನವಳು, ಎಲ್ಲವನ್ನೂ ಒಂದು ಮಾತು ಕೇಳುವವಳು.

"ಸರ್‌ಪ್ರೈಸ್ ಇರಲಿ," ಅಂದೆ.

ಸರ್‌ಪ್ರೈಸ್ ಚೆನ್ನಾಗಿಯೇ ಆಯಿತು.

ಐದು ಗಂಟೆಗಳು ಚಕಚಕ ಮಿಂಚಿದವು. ಆರನೆಯದನ್ನು ಮಗುಚಿ ನೋಡಿದೆ. ಒಳಗೆ ನಾಲಗೆಯ ಸುತ್ತ ಏನೋ ಕಪ್ಪಗೆ ಮೆತ್ತಿಕೊಂಡು ಗಟ್ಟಿಯಾಗಿತ್ತು, ಅದರಲ್ಲಿ ದಾರದ ಎಳೆಗಳು. ಯಾವುದೋ ಹುಳ ಗೂಡು ಕಟ್ಟಿದೆ ಅಂದುಕೊಂಡೆ. ಬಿಸಿನೀರಲ್ಲಿ ಅದ್ದಿ, ಟೂತ್‌ಪಿಕ್ಕಿನಿಂದ ಮೀಟಿದೆ. ಪುಳಕ್ಕನೆ ಇಡೀ ಉಂಡೆಯೇ ಹೊರಬಂತು. ಗಂಟೆ ಅಲ್ಲಾಡಿಸಿದೆ.

ಅಬ್ಬಾ, ಅದರ ಸದ್ದು! ಆರರಲ್ಲೂ ಅದೇ ಅತಿ ಇಂಪು. ಸಿಂಕಿನ ಮುಂದೆ ನಿಂತವನಿಗೆ ನಿಜವಾಗಿಯೂ ಖುಷಿಯಾಯಿತು, ಮೂಕರಿಗೆ ಮಾತು ಬರಿಸಿದ ಡಾಕ್ಟರಿಗೆ ಆಗುವಂಥ ಖುಷಿ. ಉಂಡೆಯನ್ನು ಹುಣಸೆ ಚರಟದ ಜೊತೆ ಹಸಿ ಕಸದ ಡಬ್ಬಕ್ಕೆ ಹಾಕಿದೆ. ಗಂಟೆಗಳನ್ನು ಸಾಲಾಗಿ ಜೋಡಿಸಿ ಫೋಟೊ ತೆಗೆದು ಅವ್ವನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

"ಅಡ್ಡಿಯಿಲ್ಲಲೇ, ಇನ್ನೂ ಮರತಿಲ್ಲ ನೀ. ಬಂಗಾರ ಆಗ್ಯಾವ ನೋಡು," ಅಂದಳು ಅವ್ವ.

ಸೋಮವಾರ. ಮರೈಕೆ ಅವರ ವರ್ಕ್‌ಶಾಪಿನಲ್ಲಿ ಪೆಟ್ಟಿಗೆ ಇಟ್ಟೆ. ಅವರು ಬಿಳಿ ಗ್ಲೌಸ್ ಹಾಕಿಕೊಂಡರು. ಕೈತೊಳೆದು ದೇವರ ಮನೆಗೆ ಹೋಗುವವರ ಹಾಗೆ ಹಗುರಾಗಿ ಪೇಪರ್ ಬಿಚ್ಚಿದರು. ನಾನು ಪಕ್ಕದಲ್ಲಿ ಹೊಗಳಿಕೆಗೆ ರೆಡಿಯಾಗಿ ನಿಂತಿದ್ದೆ.

ಅವರು ಒಂದು ಗಂಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಒಂದೇ ಪದ: "ಯಾಮರ್."

ಯಾಮರ್ ಅಂದರೆ ಡಚ್ಚಿನಲ್ಲಿ 'ಛೇ' ಅನ್ನಿ. ಟ್ರೇನು ತಪ್ಪಿದರೂ ಯಾಮರ್, ಕೆಲಸ ಹೋದರೂ ಯಾಮರ್, ಡೈವೋರ್ಸಿಗೂ ಅದೇ. ಯಾವ ಅಳತೆಯ ಛೇ ಅಂತ ಮುಖ ನೋಡಿಯೇ ತಿಳಿಯಬೇಕು. ನಾನು ಮುಖ ನೋಡಿದೆ. ದೊಡ್ಡ ಅಳತೆಯದೇ ಇತ್ತು.

"ಮೇಣ ಇರೋ ಗಂಟೆ ಯಾವುದು?" ಅಂದರು.

"ಯಾವ ಮೇಣ?"

"ಒಂದು ಗಂಟೆಯೊಳಗೆ ಮೇಣ, ಉಣ್ಣೆ ಇರುತ್ತೆ ಅಂತ ನೋರಾ ಬರೆದಿದ್ದಳು. ನಾನು ನೋಡಬೇಕಾಗಿದ್ದು ಅದನ್ನೇ. ಈ ಥರದ ಗಂಟೆ ನೂರು ಮನೆಗಳಲ್ಲಿ ಸಿಗುತ್ತೆ. ಅಂಗಡಿಯಲ್ಲಿ ಕೊಂಡದ್ದು. ಆ ಮೇಣ ಬೇರೆಲ್ಲೂ ಸಿಗಲ್ಲ."

"ಅದು... ಕೊಳೆ ಅಂತ..." ಅಂದೆ.

ಮರೈಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೋರಾಳಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ನಾನೇ ಹೇಳಿದೆ. ಆಮೇಲೆ ನೋರಾ, ನಾನು ಆರು ವರ್ಷದಲ್ಲಿ ಕೇಳದ ದನಿಯಲ್ಲಿ, "ಅದು ಬ್ರೈಡಿ ಇಟ್ಟಿದ್ದು," ಅಂದಳು.

ಬ್ರೈಡಿ ಅಂದರೆ ಅವಳ ಮುತ್ತಜ್ಜಿ. ಲೇಸಿನ ಟೋಪಿಯವರಲ್ಲ. ಹಗ್ಗ ಎಳೆದವರಲ್ಲ. ನೆಲಮಾಳಿಗೆಯಲ್ಲಿ ಕೂತು, ಗಂಟೆ ಬಾರಿಸಿದಾಗ ಮೆಟ್ಟಿಲು ಹತ್ತಿ ಓಡಿದವಳು. ಹದಿನಾರನೇ ವಯಸ್ಸಿಗೆ ಆ ಮನೆಯ ಕೆಲಸಕ್ಕೆ ಸೇರಿದ್ದಳಂತೆ. ಯಾವಾಗಲೋ ಒಂದು ದಿನ, ಮನೆಯ ಯಜಮಾನನ ಕೋಣೆಯ ಗಂಟೆಯೊಳಗೆ ಮೋಂಬತ್ತಿಯ ಮೇಣ, ತನ್ನ ಶಾಲಿನ ಉಣ್ಣೆ ತುರುಕಿ ಅದರ ಸದ್ದು ಅಡಗಿಸಿದಳು. ಉಳಿದ ಐದರ ತಂಟೆಗೆ ಹೋಗಲಿಲ್ಲ. ಆ ಒಂದೇ. ಯಾಕೆ ಅಂತ ಯಾರಿಗೂ, ಸ್ವಂತ ಮಗನಿಗೂ ಹೇಳಲಿಲ್ಲ.

ಮುಂದೆ ಜಮೀನು ಹಂಚಿಹೋಗಿ ಯಜಮಾನರ ವಂಶದವರು ಊರು ಬಿಟ್ಟರು. ಬ್ರೈಡಿಯ ಮಗ ದನದ ವ್ಯಾಪಾರಿ. ಅವನೇ ಆ ಮನೆ ಕೊಂಡ. ಮನೆಗಾಗಿ ಅಲ್ಲ, ಹಿಂದಿನ ಕೊಟ್ಟಿಗೆಗಳಿಗಾಗಿ. ಡ್ಯಾನ್ಸ್ ಹಾಲಿನಲ್ಲಿ ಹುಲ್ಲು ಒಟ್ಟಿದನಂತೆ. ಬ್ರೈಡಿ ಮಾತ್ರ ಸಾಯುವ ತನಕ ಗೇಟಿನ ಪಕ್ಕದ ಕಾವಲುಮನೆಯಲ್ಲೇ ಇದ್ದಳು. ಮಗನ ಮನೆಗೂ ಹಿಂದಿನ ಬಾಗಿಲಿನಿಂದಲೇ ಹೋಗುತ್ತಿದ್ದಳು.

"ಅವಳದೊಂದು ಫೋಟೊ ಕೂಡ ಇಲ್ಲ," ಅಂದಳು ನೋರಾ. "ಆ ಮೇಣ ಒಂದಿತ್ತು. ಅದರ ಮೇಲೆ ಅವಳ ಬೆರಳಿನ ಗುರುತು ಇರಬಹುದು ಅಂತ ಮರೈಕೆ ಹೇಳಿದ್ಲು."

ಫೋನ್ ಕಟ್ಟಾಯಿತು.

ಸೈಕಲ್ ಹೇಗೆ ತುಳಿದೆನೋ ಗೊತ್ತಿಲ್ಲ. ಮನೆಯ ಹಿಂದೆ ಹಸಿರು ಡ್ರಮ್ಮು. ಇಲ್ಲಿ ಹಸಿ ಕಸದ ಗಾಡಿ ಎರಡು ವಾರಕ್ಕೊಮ್ಮೆ ಬರುತ್ತದೆ. ಬೇಸಿಗೆಯಲ್ಲಿ ಅದಕ್ಕೆ ಶಾಪ ಹಾಕಿದ್ದೇನೆ, ಅವತ್ತು ಕೈಮುಗಿದೆ. ಡ್ರಮ್ಮನ್ನು ಬೋರಲು ಹಾಕಿ, ಈರುಳ್ಳಿ ಸಿಪ್ಪೆ, ಚಹಾ ಚರಟ, ಕೊಳೆತ ಬದನೆಕಾಯಿ ಎಲ್ಲ ಒಂದೊಂದಾಗಿ ಕೆದಕಿದೆ. ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಏನಾದರೂ ಕಳೆದಿದೆಯಾ ಅಂದರು. ಏನಂತ ಹೇಳಲಿ? ಐರ್ಲೆಂಡಿನ ಇತಿಹಾಸ ಕಳೆದಿದೆ ಅನ್ನಲೇ?

ಹುಣಸೆ ನಾರು ಸಿಕ್ಕಿತು. ಮೇಣ ಸಿಗಲಿಲ್ಲ. ಎರಡು ಸಲ ಹುಡುಕಿದೆ. ಮೂರನೇ ಸಲಕ್ಕೆ ಕಣ್ಣು ಮಂಜಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಬದನೆಕಾಯಿ ಎದುರು ಕೂತು ಅತ್ತೆ.

ಮೂರು ಗಂಟೆಗೆ ಮಗಳು ಇಂಚರಾ ಸ್ಕೂಲಿಂದ ಬಂದಳು. ಒಂಬತ್ತು ವರ್ಷ. ಕನ್ನಡದಲ್ಲಿ ಕೇಳಿದರೆ ಡಚ್ಚಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ.

"ಪಪ್ಪಾ, ವಾಟ್ ಆರ್ ಯು ಡೂಯಿಂಗ್?"

ಹೇಳಿದೆ.

"ದ ವ್ಯಾಕ್ಸ್ ಥಿಂಗ್?" ಅಂದಳು, ಬಹಳ ಬೇಸರದಿಂದ. "ಪಪ್ಪಾ, ಮೇಣ ಗ್ರೀನ್ ಬಿನ್ನಿಗೆ ಹಾಕೋ ಹಾಗಿಲ್ಲ. ಐ ಟುಕ್ ಇಟ್ ಔಟ್. ಎವ್ರಿ ಟೈಮ್ ನೀನು ತಪ್ಪು ಹಾಕ್ತೀಯ."

ಇಲ್ಲಿನ ಸ್ಕೂಲುಗಳಲ್ಲಿ ಮಗ್ಗಿಗಿಂತ ಮೊದಲು ಕಸ ಬೇರ್ಪಡಿಸುವುದನ್ನು ಕಲಿಸುತ್ತಾರೆ. ಭಾನುವಾರ ಮಧ್ಯಾಹ್ನವೇ ಅವಳು ಡಬ್ಬ ತಪಾಸಣೆ ಮಾಡಿ, ಅಪ್ಪನ ತಪ್ಪನ್ನು ತೆಗೆದು ಸಿಂಕಿನ ಕೆಳಗಿನ ಬೂದು ಚೀಲಕ್ಕೆ ಹಾಕಿದ್ದಳು. ಅಲ್ಲಿ ಪೆನ್ಸಿಲ್ ಹೊಟ್ಟು, ಹರಿದ ಕಾಲುಚೀಲದ ನಡುವೆ ಅಡಿಕೆಯಷ್ಟು ದೊಡ್ಡ ಕಪ್ಪು ಉಂಡೆ ಕೂತಿತ್ತು. ಮಗಳನ್ನು ಅಪ್ಪಿಕೊಂಡೆ. "ಯು ಸ್ಮೆಲ್," ಅಂದಳು.

ಉಂಡೆಯನ್ನು ಮೊಸರಿನ ಡಬ್ಬಿಯಲ್ಲಿಟ್ಟು ಅವತ್ತೇ ಮರೈಕೆಗೆ ಕೊಟ್ಟೆ. ಅವರು ಲೆನ್ಸಿನಲ್ಲಿ ನೋಡಿ ತಲೆಯಾಡಿಸಿದರು. ಬೆರಳಿನ ಗುರುತು ಇತ್ತು. ಯಾರದು ಅಂತ ಹೇಳಲಾಗದು. ಬಿಸಿನೀರಿಗೆ ಮೆತ್ತಗಾಗಿದ್ದ ಮೇಣ, ನನ್ನದೇ ಇರಬಹುದು. ಹೊರಗಿನ ಪದರದಲ್ಲಿ ಹುಣಸೆ ನಾರಿನ ಒಂದು ಎಳೆಯೂ ಹೊಕ್ಕಿತ್ತು. ಅದನ್ನು ಕೀಳಲೇ ಅಂದೆ.

"ಮುಟ್ಟಬೇಡಿ," ಅಂದರು ಮರೈಕೆ, ಬಹಳ ಜೋರಾಗಿ. ಮೊದಲ ಸಲ.

ಮಾರನೇ ದಿನ ಸಂಜೆ ನೋರಾ ಡೆಲ್ಫ್ಟ್‌ಗೆ ಬಂದಳು. ಶುಭಾ ಉಪ್ಪಿಟ್ಟು ಮಾಡಿದ್ದಳು, ಯಾರೂ ಸರಿಯಾಗಿ ತಿನ್ನಲಿಲ್ಲ. ನೋರಾ ಮರೈಕೆ ಹತ್ತಿರದಿಂದ ತಂದ ಗಂಟೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ನೋಡುತ್ತಾ ಕೂತಳು. ನಾನು ಏಳನೇ ಸಲ ಸಾರಿ ಅಂದೆ.

"ಸಾರಿ ಸಾಕು," ಅಂದಳು. "ನಿಜ ಹೇಳ್ಲಾ? ಆ ಮನೆ ಬಿದ್ದು ಹೋಗ್ಲಿ ಅಂತ ನಂಗೆ ಎಷ್ಟೋ ಸಲ ಅನ್ಸಿದೆ. ನಮ್ಮೂರಲ್ಲಿ ಅರ್ಧ ಜನಕ್ಕೆ ಈಗ್ಲೂ ಅನ್ಸುತ್ತೆ. ಯಾರ ಬೆವರಲ್ಲಿ ಕಟ್ಟಿದ್ದು, ಯಾರಿಗೋಸ್ಕರ ಉಳಿಸ್ಬೇಕು? ಆದ್ರೆ ಬಿದ್ರೆ ಬ್ರೈಡಿ ಹತ್ತಿ ಇಳಿದ ಮೆಟ್ಟಿಲೂ ಬೀಳುತ್ತೆ. ಅವಳು ಅನ್ನೋಳು ಒಬ್ಬಳಿದ್ಲು ಅನ್ನೋದಕ್ಕೆ ಆ ಹಾಳು ಮನೆ ಬಿಟ್ರೆ ಬೇರೆ ಸಾಕ್ಷಿನೇ ಇಲ್ಲ."

ಅಷ್ಟರಲ್ಲಿ ಐಲೀನ್ ಅವರ ಫೋನ್ ಬಂತು. ನೋರಾ ಸ್ಪೀಕರಿಗೆ ಹಾಕಿ ನನ್ನ ಮುಂದೆ ಇಟ್ಟಳು.

"ನೀವೇನಾ ತೊಳೆದವರು?"

"ಹೌದು ಮೇಡಂ."

"ಯಾವುದ್ರಲ್ಲಿ?"

"ಹುಣಸೆಹಣ್ಣು. ಹುಳಿ ಇರುತ್ತೆ. ನಾವು ಸಾರಿಗೆ ಹಾಕ್ತೀವಿ. ಒಂಥರಾ ಸೂಪು."

"ಅಂದ್ರೆ ನಮ್ಮ ಮನೆ ಗಂಟೆನ ಸೂಪಲ್ಲಿ ತೊಳೆದ್ರಿ."

"ಹೌದು ಮೇಡಂ."

ನೋರಾ ಮುಖ ಆಚೆ ತಿರುಗಿಸಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ.

"ಆರನೇದನ್ನ ಫೋನ್ ಹತ್ರ ಹಿಡಿದು ಬಾರಿಸಿ," ಅಂದರು ಐಲೀನ್.

ಬಾರಿಸಿದೆ. ಅದೇ ಇಂಪು.

"ಇನ್ನೊಂದ್ ಸಲ."

ಬಾರಿಸಿದೆ.

"ಸಾಕು. ನಿಲ್ಲಿಸಿ." ಅವರ ದನಿ ಬದಲಾಗಿತ್ತು. "ನಮ್ಮಪ್ಪ ಇದರ ಸದ್ದು ಕೇಳಿರ್ಲಿಲ್ಲ. ನಾನು ಇಡೀ ಜೀವನ ಆ ಮನೇಲೇ ಇದೀನಿ, ನಾನೂ ಕೇಳಿರ್ಲಿಲ್ಲ. ನಮ್ಮಲ್ಲಿ ಇದನ್ನ ಕೇಳಿದ್ದು ಅಜ್ಜಿ ಒಬ್ಬಳೇ."

ನಾನು ಗಂಟೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ, ಅದು ಮತ್ತೆ ಸದ್ದು ಮಾಡದ ಹಾಗೆ.

ಆಗ ನನಗೆ ಬೇಡದ್ದೊಂದು ನೆನಪಾಯಿತು. ನನ್ನಪ್ಪ ತಾಲ್ಲೂಕು ಆಫೀಸಿನಲ್ಲಿ ಸಾಹೇಬರಾಗಿದ್ದರು. ಅವರ ಮೇಜಿನ ಮೇಲೊಂದು ಒತ್ತುವ ಬೆಲ್ಲು. ಸ್ಕೂಲು ರಜೆಯಲ್ಲಿ ಒಂದು ದಿನ ನಾನು ಅಲ್ಲಿ ಕೂತು ಅದನ್ನು ಸುಮ್ಮಸುಮ್ಮನೆ ಒತ್ತಿದೆ. ಅಟೆಂಡರ್ ಫಕೀರಪ್ಪ, ಅಪ್ಪನಿಗಿಂತ ಹಿರಿಯ, ಓಡಿ ಬಂದು "ಏನ್ ಬೇಕ್ರೀ ಸಣ್ಣ ಸಾಹೇಬ್ರ?" ಅಂದ. ಏನೂ ಬೇಡವಾಗಿತ್ತು. ಮತ್ತೆ ಒತ್ತಿದೆ, ಮತ್ತೆ ಬಂದ. ಮೂರನೇ ಸಲ ಕೇಳದೆಯೇ ನೀರು ತಂದ. ಅಪ್ಪ ನಕ್ಕರು. ಫಕೀರಪ್ಪನೂ ನಕ್ಕ. ಅವನು ಯಾಕೆ ನಕ್ಕ ಅಂತ ನಲವತ್ತು ವರ್ಷ ನಾನು ಯೋಚಿಸಿರಲಿಲ್ಲ. ಸಿಂಕಿನ ಮುಂದೆ ನಿಂತು ಆ ಗಂಟೆಗೆ ದನಿ ಬಂತು ಅಂತ ಅಷ್ಟು ಖುಷಿಪಟ್ಟೆನಲ್ಲ, ಅದು ಬರೀ ಹಿತ್ತಾಳೆ ತಿಕ್ಕಿದವನ ಖುಷಿಯಾಗಿತ್ತಾ?

ಐಲೀನ್ ಈಗ ಅರ್ಜಿಯನ್ನು ಹೊಸದಾಗಿ ಬರೆಯುತ್ತಿದ್ದಾರೆ. ಮೆಟ್ಟಿಲು, ಗಾರೆಯ ಹೂಬಳ್ಳಿ ಎಲ್ಲ ಎರಡನೇ ಪುಟಕ್ಕೆ ಹೋಗಿವೆ. ಮೊದಲ ಪುಟದಲ್ಲಿ ಒಂದೇ ಸಂಗತಿ: ಈ ಮನೆಯಲ್ಲಿ ಕೆಲಸಕ್ಕಿದ್ದ ಒಬ್ಬಳು ಹುಡುಗಿ, ಯಜಮಾನನ ಗಂಟೆಯ ಬಾಯಿ ಮುಚ್ಚಿಸಿದ್ದಳು. ಅಂದರೆ ಧಣಿಗಳ ಮನೆಯನ್ನು ಈಗ ಕಾಪಾಡಬೇಕಾಗಿರುವುದು ಆ ಧಣಿಯ ಕರೆಗೆ ಓಗೊಡದವಳ ಒಂದು ಚಿಟಿಕೆ ಮೇಣ. ಬ್ರೈಡಿಗೆ ಇದು ಇಷ್ಟವಾಗುತ್ತಿತ್ತಾ? ಮುಂಬಾಗಿಲಿನಿಂದ ಯಾವತ್ತೂ ಒಳಗೆ ಹೋಗದವಳ ಹೆಸರು ಹೇಳಿ ಮುಂಬಾಗಿಲನ್ನು ಉಳಿಸಿಕೊಳ್ಳುವುದು? ಶುಭಾ ಆಗುತ್ತಿತ್ತು ಅನ್ನುತ್ತಾಳೆ. ನೋರಾ ಗೊತ್ತಿಲ್ಲ ಅನ್ನುತ್ತಾಳೆ. ನನ್ನ ಅಭಿಪ್ರಾಯ ಬೆಳಿಗ್ಗೆ ಒಂದು, ಸಂಜೆ ಒಂದು.

ಮರೈಕೆ ವರದಿ ಬರೆದಿದ್ದಾರೆ. ಪ್ರಾಮಾಣಿಕ ಹೆಂಗಸು, ಏನನ್ನೂ ಮುಚ್ಚಿಟ್ಟಿಲ್ಲ. ಮೇಣವನ್ನು ಮತ್ತೆ ಗಂಟೆಯೊಳಗೆ ಇಡಕೂಡದು, ಪಕ್ಕದಲ್ಲಿ ಬೇರೆ ಪೆಟ್ಟಿಗೆಯಲ್ಲಿಡಬೇಕು ಅಂತ ಸಲಹೆ. 'ಇತ್ತೀಚಿನ ಬದಲಾವಣೆಗಳು' ಅನ್ನುವಲ್ಲಿ 'ಹುಣಸೆಹಣ್ಣಿನಿಂದ ಶುಚಿಗೊಳಿಸಲಾಗಿದೆ' ಅಂತ ಒಂದು ಸಾಲು. ಕೆಳಗೆ ನನ್ನ ಹೆಸರು, ಊರು. ಮುಂದೆ ನೂರು ವರ್ಷ ಬಿಟ್ಟು ಯಾರಾದರೂ ಆ ಫೈಲು ತೆಗೆದರೆ ಗದಗದ ಹುಳಿಯೂ ಆ ಮನೆಯ ಪರಂಪರೆಯೇ. ಅವ್ವನಿಗೆ ಹೇಳಿದೆ. "ನೋಡು, ಒಳ್ಳೆ ಕೆಲಸ ಎಲ್ಲೂ ಹೋಗಂಗಿಲ್ಲ," ಅಂದಳು. ಅವಳಿಗೆ ಉಳಿದದ್ದನ್ನು ಬಿಡಿಸಿ ಹೇಳುವ ಧೈರ್ಯ ನನಗಾಗಲಿಲ್ಲ.

ಇನ್‌ಸ್ಪೆಕ್ಟರ್ ಬರುವುದು ಮುಂದಿನ ತಿಂಗಳು. ಐಲೀನ್ ನಿನ್ನೆ ಮೆಸೇಜ್ ಕಳಿಸಿದ್ದರು: ಗಂಟೆಗಳು ಮತ್ತೆ ಗೋಡೆ ಏರಿವೆ, ಆರನೆಯದರ ಹಗ್ಗವನ್ನು ಯಾರೂ ಎಳೆಯುತ್ತಿಲ್ಲ, ನಿಮ್ಮ ದೇವರಿಗೆ ನಮ್ಮ ಪರವಾಗಿ ಒಂದು ಮಾತು ಹೇಳಿ. ಇವತ್ತು ಬೆಳಿಗ್ಗೆ ದೀಪ ಹಚ್ಚಿ, ನಮ್ಮ ಮನೆಯ ಗಂಟೆಗೆ ಕೈ ಹಾಕಿದವನು ಹಾಗೇ ನಿಂತುಬಿಟ್ಟೆ.

ಆ ಮನೆ ಉಳಿಯಲಿ ಅಂತ ನಾನು ಬೇಡಿಕೊಳ್ಳುವುದಾದರೆ ಯಾರ ಪರವಾಗಿ ಬೇಡಿಕೊಳ್ಳಲಿ, ಗಂಟೆ ಬಾರಿಸಿದವನ ಪರವೋ, ಅದರ ಬಾಯಿಗೆ ಮೇಣ ತುರುಕಿದವಳ ಪರವೋ?